ಬೆನ್ನು ತಿರುಗಿಸಿ ಆಡಿದ ಆಂಬುಲೆನ್ಸ್ ಆಟ

ನಮ್ಮ ಮಹಡಿ ಮನೆಯ ಶಿವಲೀಲಾ ಹೋದ ತಿಂಗಳು ಒಂದು ಸೋಮವಾರ ಒಬ್ಬ ಮನುಷ್ಯನನ್ನು ಸಾಯಿಸಿ ಮನೆಗೆ ಬಂದಳು.

ಹಾಗಂತ ಅವಳೇ ಹೇಳಿದ್ದು. ಸಂಜೆ ನಾಲ್ಕು ಗಂಟೆ. ಗೇಟು ತೆಗೆದು ಒಳಗೆ ಬಂದವಳು ಮಹಡಿ ಹತ್ತಲೇ ಇಲ್ಲ. ಕೆಳಗಿನ ಮೆಟ್ಟಿಲ ಮೇಲೆ ಬ್ಯಾಗು ಇಟ್ಟು ಪಕ್ಕದಲ್ಲಿ ತಾನೂ ಕೂತುಬಿಟ್ಟಳು. ಕತ್ತಿನಲ್ಲಿ ಟ್ರೇನಿಂಗಿನ ಐಡಿ ಕಾರ್ಡು ಇನ್ನೂ ನೇತಾಡುತ್ತಿತ್ತು. ನನ್ನ ಹೆಂಡತಿ ನೀರು ತಂದುಕೊಟ್ಟು, "ಏನಾಯ್ತೇ?" ಅಂದಳು.

"ನನ್ನ ಪೇಷಂಟ್ ಸತ್ತನ್ರಿ ಅಕ್ಕಾರ."

"ಅಯ್ಯೋ ದೇವರೇ! ಯಾರು?"

"ನಮ್ಮ ಟ್ರೇನಿಂಗ್ ಸರ್ ಅವರ ಅಣ್ಣರಿ." ಒಂದು ಗುಟುಕು ನೀರು ಕುಡಿದು ಸೇರಿಸಿದಳು. "ಆದ್ರ ಅವ್ರಿಗೆ ಅಣ್ಣನ ಇಲ್ರಿ."

ನಾವು ಗಂಡ ಹೆಂಡತಿ ಮುಖ ಮುಖ ನೋಡಿಕೊಂಡೆವು. ಹುಡುಗಿಗೆ ಬಿಸಿಲು ಹೆಚ್ಚಾಯಿತೇನೋ ಅಂತ ನನಗೆ ಅನುಮಾನ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಶಿವಲೀಲಾ ಬಾದಾಮಿ ಕಡೆಯವಳು. ಊರಲ್ಲಿ ಒಂದು ಖಾಸಗಿ ಶಾಲೆಯಲ್ಲಿ ಟೀಚರ್ ಆಗಿದ್ದಳು. ಗಂಡನಿಗೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಮೆಷಿನ್ ಕೆಲಸ ಸಿಕ್ಕಿ, ಇಬ್ಬರೂ ಚಂದ್ರಾ ಲೇಔಟಿನ ನಮ್ಮ ಮನೆಯ ಮಹಡಿಗೆ ಬಾಡಿಗೆಗೆ ಬಂದು ಒಂದು ವರ್ಷವಾಯಿತು. ಬಂದಾಗಿನಿಂದ ಅವಳು ಅರ್ಜಿ ಹಾಕಿದ್ದೇ ಹಾಕಿದ್ದು. ಎಲ್ಲ ಕಡೆಯೂ "ತಿಳಿಸುತ್ತೇವೆ" ಅಂದರು, ಯಾರೂ ತಿಳಿಸಲಿಲ್ಲ. ಕೊನೆಗೆ ಈಗ ಫೋನ್ ಮಾಡಿದರೆ ಮನೆಬಾಗಿಲಿಗೆ ಆಂಬುಲೆನ್ಸ್ ಬರುತ್ತದಲ್ಲ, ಅಂಥದೊಂದು ಕಂಟ್ರೋಲ್ ರೂಮಿನಲ್ಲಿ ಫೋನ್ ಎತ್ತುವ ಕೆಲಸಕ್ಕೆ ಆಯ್ಕೆಯಾದಳು. ಮೊದಲು ಟ್ರೇನಿಂಗ್, ಆಮೇಲೆ ಪರೀಕ್ಷೆ. ಪಾಸಾದರೆ ಕುರ್ಚಿ. ಇಲ್ಲದಿದ್ದರೆ ನಮಸ್ಕಾರ.

ಪರೀಕ್ಷೆ ಹೇಗೆ ಗೊತ್ತಾ? ಟ್ರೇನರ್ ಪಕ್ಕದ ರೂಮಿಗೆ ಹೋಗಿ, ಅಪಘಾತ ನೋಡಿ ಗಾಬರಿಯಾದವನ ಹಾಗೆ ನಟಿಸುತ್ತಾ ಫೋನ್ ಮಾಡುತ್ತಾನೆ. ಈ ಕಡೆ ಅಭ್ಯರ್ಥಿ ಫೋನ್ ಎತ್ತಿ, ಕೇಳಬೇಕಾದ್ದು ಕೇಳಿ, ಗಾಡಿ ಕಳಿಸಬೇಕು. ಗಾಡಿಯೂ ಸುಳ್ಳು, ರಕ್ತವೂ ಸುಳ್ಳು, ಗಡಿಯಾರ ಮಾತ್ರ ನಿಜ.

"ಅಯ್ಯೋ ನಮ್ಮಣ್ಣ ಬಿದ್ದವ್ನೆ, ಬೇಗ ಕಳ್ಸಿ" ಅಂತ ಟ್ರೇನರ್ ಕೂಗಿದ. ಶಿವಲೀಲಾ, "ನಿಮ್ಮ ವಿಳಾಸ ಹೇಳ್ರಿ ಸರ" ಅಂದಳು. ಆತ ಹೇಳಿದ. ಬಸವೇಶ್ವರನಗರ, ಇಂಥ ಸ್ಟೇಜು, ಇಂಥ ಮೇನು, ಇಂಥ ಕ್ರಾಸು, ಮನೆ ನಂಬರು, ಎದುರಿಗೆ ಗಣಪತಿ ದೇವಸ್ಥಾನ. ಅಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲವಂತೆ. ಖುಷಿಯಾಗಿ ಟೈಪ್ ಮಾಡಿ ಗಾಡಿ ಕಳಿಸಿದಳು. ಹತ್ತು ನಿಮಿಷ ಬಿಟ್ಟು ಮತ್ತೆ ಫೋನ್. "ಎಲ್ಲಮ್ಮಾ ನಿನ್ ಗಾಡಿ? ನಾವಿಲ್ಲಿ ಕೆಂಗೇರಿ ಹತ್ರ ಮೈಸೂರು ರೋಡಲ್ಲಿ ನಿಂತಿದೀವಿ!"

"ಬಸವೇಶ್ವರನಗರ ಅಂದ್ರಲ್ರಿ?"

"ಅದು ನಮ್ಮನೆ ಅಡ್ರೆಸ್ಸು. ನೀನು ನನ್ ಅಡ್ರೆಸ್ ಕೇಳ್ದೆ, ನಾನ್ ಹೇಳ್ದೆ."

ಆಮೇಲೆ ಆತ ಈಚೆ ಬಂದು ಇಪ್ಪತ್ತು ಜನರ ಮುಂದೆ, "ಇವ್ರ ಪೇಷಂಟ್ ಸತ್ತ, ನೆಕ್ಸ್ಟ್" ಅಂದನಂತೆ. ಶಿವಲೀಲಾಗೆ ಇನ್ನು ಒಂದೇ ಒಂದು ಅವಕಾಶ. ಬರುವ ಶನಿವಾರ. ಅದೂ ಹೋದರೆ ಟ್ರೇನಿಂಗಿನಿಂದಲೇ ಹೊರಗೆ.

ಮೋಸ ಅನ್ನಿಸಿತು ನನಗೆ. ರಸ್ತೆಯಲ್ಲಿ ನಿಂತು ಮನೆ ವಿಳಾಸ ಕೊಡುವ ಪೆದ್ದುತನ ಯಾರಾದರೂ ಮಾಡುತ್ತಾರಾ? ಹೆಂಡತಿ ಅಂದಳು, "ಯಾಕೆ, ನೀವು ಮಾಡಲ್ವಾ?" ಯೋಚಿಸಿದೆ. ಶಾಲೆಯ ಅರ್ಜಿ, ರೇಷನ್ ಕಾರ್ಡು, ಬ್ಯಾಂಕು, ಗ್ಯಾಸು, ಎಲ್ಲ ಕಡೆ ಹುಟ್ಟಿದಾಗಿನಿಂದ ವಿಳಾಸ ಅಂದರೆ ಮನೆಯೇ ತಾನೆ? ಅದೂ ಅಲ್ಲದೆ ನಾವು ಎಂಥ ಜನ? ಮೊಬೈಲಿನಲ್ಲಿ "ಎಲ್ಲಿದೀಯಾ" ಅಂದರೆ "ಇಲ್ಲೇ, ಬಂದೇಬಿಟ್ಟೆ" ಅನ್ನುವವರು. (ಹಾಗನ್ನುವಾಗ ನಾವು ಸಾಮಾನ್ಯವಾಗಿ ಬಚ್ಚಲುಮನೆಯಲ್ಲಿರುತ್ತೇವೆ.) ಟ್ರೇನರ್ ಮನುಷ್ಯ ಕ್ರೂರಿಯಲ್ಲ, ನಮ್ಮನ್ನೆಲ್ಲ ಚೆನ್ನಾಗಿ ಬಲ್ಲವನು.

ಇನ್ನು ನನ್ನ ತಪ್ಪೊಪ್ಪಿಗೆ. ಆ ಹೊತ್ತಿನಲ್ಲಿ ನಾನೂ ಒಳಗೆ ಕೂತು ಜನರನ್ನು ಸಾಯಿಸುತ್ತಲೇ ಇದ್ದೆ.

ನನಗೆ ಆ ವಾರ ಕಾಲೇಜಿಗೆ ರಜೆ. ತಿದ್ದಬೇಕಾದ ಉತ್ತರ ಪತ್ರಿಕೆಗಳು ಮೇಜಿನ ಮೇಲೆ, ಆಡಬಾರದ ಆಟ ಕಂಪ್ಯೂಟರಿನಲ್ಲಿ. ಸಹೋದ್ಯೋಗಿಯೊಬ್ಬರು "ಸುಮ್ನೆ ನೋಡಿ ಸಾರ್" ಅಂತ ಕೊಟ್ಟ ಸಿ.ಡಿ. ಅರ್ಧ ತಲೆ ನರೆತ ಮೇಷ್ಟ್ರು ವಿಡಿಯೊ ಗೇಮ್ ಆಡುತ್ತಾನೆ ಅಂದರೆ ನಿಮಗೆ ನಗು ಬರಬಹುದು. ನಕ್ಕುಬಿಡಿ. ಆದರೆ ಈ ಆಟವನ್ನು ಒಮ್ಮೆ ನೋಡಿ.

ಪರದೆಯ ಮೇಲೆ ಒಂದು ಊರು. ಆಕಾಶದಿಂದ ನೋಡಿದ ಹಾಗೆ ಕಾಣುತ್ತದೆ. ಯಾವುದೋ ಚಳಿ ದೇಶದ್ದು. ಎಲ್ಲೋ ಬೆಂಕಿ ಬೀಳುತ್ತದೆ, ಎಲ್ಲೋ ಕಾರು ಮರಕ್ಕೆ ಗುದ್ದುತ್ತದೆ, ಎಲ್ಲೋ ಒಬ್ಬರು ಎದೆ ಹಿಡಿದುಕೊಂಡು ಕುಸಿಯುತ್ತಾರೆ. ಅಲ್ಲಲ್ಲಿ ಕೆಂಪು ದೀಪ ಮಿನುಗುತ್ತದೆ. ಫೈರ್ ಎಂಜಿನ್ನು, ಆಂಬುಲೆನ್ಸು, ಪೊಲೀಸ್ ಜೀಪು ಎಲ್ಲ ನಿಮ್ಮ ಕೈಯಲ್ಲಿ. ಯಾರನ್ನು ಎಲ್ಲಿಗೆ ಕಳಿಸುತ್ತೀರಿ? ಮೊದಲು ಯಾರನ್ನು? ಕಾರಿನೊಳಗೆ ಸಿಕ್ಕಿಕೊಂಡವನನ್ನು ಡಾಕ್ಟರು ಮುಟ್ಟುವ ಹಾಗಿಲ್ಲ. ಮೊದಲು ಫೈರಿನವರು ಬಂದು ಬಾಗಿಲು ಕತ್ತರಿಸಬೇಕು. ಬೆಂಕಿ ಆರುವ ತನಕ ಸ್ಟ್ರೆಚರ್ ಒಳಗೆ ಹೋಗಲ್ಲ. ಪೊಲೀಸಿನವನು ರಸ್ತೆ ತಡೆಯದಿದ್ದರೆ ಹಿಂದಿನಿಂದ ಇನ್ನೊಂದು ಕಾರು ಬಂದು ಗುದ್ದುತ್ತದೆ. ಒಬ್ಬನ ಕೆಲಸಕ್ಕೆ ಇನ್ನೊಬ್ಬ ಕಾಯಬೇಕು. ಯಾರನ್ನೂ ಗುಂಡಿಕ್ಕಿ ಕೊಲ್ಲದೆ, ಬರೀ ಉಳಿಸುವುದನ್ನೇ ಆಟ ಮಾಡಬಹುದು ಅಂತ ಯಾರಿಗೋ ಹೊಳೆಯಿತಲ್ಲ, ಆ ಪುಣ್ಯಾತ್ಮರಿಗೆ ನನ್ನದೊಂದು ನಮಸ್ಕಾರ.

ಆ ಊರಿನಲ್ಲಿ ಇನ್ನೊಂದು ವಿಚಿತ್ರವಿದೆ. ಸೈರನ್ ಕೇಳಿದ ಕೂಡಲೇ ಎಲ್ಲ ಕಾರುಗಳೂ ಪಕ್ಕಕ್ಕೆ ಸರಿದು ನಿಲ್ಲುತ್ತವೆ! ಮಾಗಡಿ ರಸ್ತೆಯಲ್ಲಿ ಸ್ಕೂಟರ್ ಓಡಿಸುವ ನನಗೆ ಇದು ಮೊದಮೊದಲು ಆಟದಲ್ಲಿರುವ ಏನೋ ದೋಷ ಅಂತಲೇ ಅನ್ನಿಸಿತ್ತು.

ಹೆಂಡತಿಗೆ ಮಾತ್ರ ನನ್ನ ಸಮಾಜಸೇವೆಯ ಮೇಲೆ ಗೌರವವಿಲ್ಲ. "ಊರಿಗೆಲ್ಲ ಆಂಬುಲೆನ್ಸ್ ಕಳಿಸ್ತೀರಿ, ಮನೆಗೊಂದು ಸಿಲಿಂಡರ್ ಬುಕ್ ಮಾಡೋಕೆ ಪುರುಸೊತ್ತಿಲ್ಲ" ಅನ್ನುತ್ತಾಳೆ.

ಸರಿ, ಅವತ್ತು ಶಿವಲೀಲಾಗೆ ಸಮಾಧಾನ ಮಾಡೋಣ ಅಂತ ಒಳಗೆ ಕರೆದು ಆಟ ತೋರಿಸಿದೆ. ನಿನ್ನ ಕೆಲಸವನ್ನೇ ನಾನು ಮನೆಯಲ್ಲಿ ಕೂತು ಮಾಡುತ್ತಿದ್ದೇನೆ, ನೋಡು ಎಷ್ಟು ಚಕಚಕ, ಅನ್ನುವ ಜಂಬವೂ ಇತ್ತು. ಎರಡು ಬೆಂಕಿ ಆರಿಸಿದೆ. ಮೂವರನ್ನು ಆಸ್ಪತ್ರೆಗೆ ಸಾಗಿಸಿದೆ. ಅವಳು ಕಣ್ಣು ಕಿರಿದು ಮಾಡಿ ನೋಡುತ್ತಾ ನಿಂತಿದ್ದಳು.

"ಸರ, ಫೋನ್ ಮಾಡಿದವ್ರು ಯಾರ್ರಿ?"

"ಫೋನಾ? ಫೋನ್ ಗೀನ್ ಏನಿಲ್ಲಮ್ಮ. ಇಲ್ಲಿ ಕೆಂಪು ದೀಪ ಬರುತ್ತೆ ನೋಡು. ಅಲ್ಲಿ ಒತ್ತಿದ್ರಾಯ್ತು."

"ಹಂಗಂದ್ರ ಜಾಗ ತಾನ ತೋರಸ್ತೈತಿ."

"ಹೌದು."

"ಹಂಗಾದ್ರ ಭಾಳ ಸುಲಭ ಬಿಡ್ರಿ," ಅಂದಳು. ವ್ಯಂಗ್ಯವೇನೂ ಇರಲಿಲ್ಲ ಪಾಪ. ಆದರೆ ನನ್ನ ಜಂಬ ಬುಸ್ಸಂತ ಇಳಿಯಿತು.

ನಿಜ ತಾನೆ? ಆಟದಲ್ಲಿ ಕಷ್ಟವೆಲ್ಲ ಜಾಗ ಗೊತ್ತಾದ ಮೇಲೆ ಶುರು. ಇವಳ ಕೆಲಸದಲ್ಲಿ ಜಾಗ ಗೊತ್ತಾದರೆ ಅರ್ಧ ಮುಗಿದ ಹಾಗೆ. ಆ ಮೊದಲ ಅರ್ಧವನ್ನು ಆಟ ಮಾಡಿದವರು ಬಿಟ್ಟೇಬಿಟ್ಟಿದ್ದರು.

ಹೊರಟವಳು ಬಾಗಿಲ ಹತ್ತಿರ ನಿಂತಳು. ತಿರುಗಿ ಬಂದಳು. "ಸರ, ನಾ ಆ ಕಡೆ ಮಾರಿ ಮಾಡಿ ಕೂಡ್ತೀನ್ರಿ. ನೀವು ನೋಡಿ ನನಗ ಫೋನ್ ಮಾಡ್ರಿ. ನಾ ಹೇಳಿದಲ್ಲಿ ಗಾಡಿ ಕಳಸ್ರಿ."

ಹೀಗೆ ಹುಟ್ಟಿತು ನಮ್ಮ ಆಟ. ಊಟದ ಮೇಜಿನ ಕುರ್ಚಿಯೊಂದನ್ನು ಗೋಡೆಗೆ ಮುಖ ಮಾಡಿ ಹಾಕಿದೆವು. ಅದರಲ್ಲಿ ಶಿವಲೀಲಾ, ಮಡಿಲಲ್ಲಿ ನೋಟ್ ಪುಸ್ತಕ. ಅವಳ ಬೆನ್ನ ಹಿಂದೆ ಕಂಪ್ಯೂಟರ್ ಮುಂದೆ ನಾನು. ಕೆಂಪು ದೀಪ ಬಂದ ಕೂಡಲೇ ನಾನು ಸಂಕಟದಲ್ಲಿರುವ ನಾಗರಿಕ. "ಟ್ರಿಣ್ ಟ್ರಿಣ್" ಅನ್ನುವುದೂ ನಾನೇ. ಊರಿನ ನಕಾಶೆಯನ್ನು ಅವಳು ಮೊದಲೇ ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡಿದ್ದಳು. ಸೇತುವೆ, ಶಾಲೆ, ಗಡಿಯಾರದ ಗೋಪುರ, ಪೆಟ್ರೋಲ್ ಬಂಕು.

ಮೊದಲ ಕೆಂಪು ದೀಪ ಬಂತು. ಒಂದು ಮನೆಗೆ ಬೆಂಕಿ.

"ಹಲೋ, ಬೆಂಕಿ ಬಿದ್ದಿದೆ ಬೇಗ ಬನ್ನಿ!"

"ಎಲ್ಲಿರಿ ಸರ?"

"ಇಲ್ಲೇ! ಒಂದು ಮನೆ. ಕೆಂಪು ಹೆಂಚಿನ ಮನೆ."

"ಊರಾಗ ಎಲ್ಲಾ ಮನಿ ಕೆಂಪ ಹೆಂಚಿನ್ವ ಅದಾವ್ರಿ."

"ಅದೇ, ರಸ್ತೆ ಪಕ್ಕದಲ್ಲಿ..."

ನನಗೇ ನಾಚಿಕೆಯಾಯಿತು. ಎಷ್ಟೋ ವರ್ಷಗಳಿಂದ ನಿಮಗೆ ವಾರಕ್ಕೊಂದು ಅಂಕಣ ಬರೆಯುವವನು ನಾನು. ಮನುಷ್ಯಸ್ವಭಾವ, ರಾಜಕೀಯ, ಬದುಕು ಅಂತ ಏನೇನೋ ವಿವರಿಸಿದ್ದೇನೆ. ಕಣ್ಣೆದುರಿಗಿರುವ ಒಂದು ಮನೆ ಎಲ್ಲಿದೆ ಅಂತ ಹೇಳಲು ಬರಲಿಲ್ಲ. ಮನೆ ಪೂರ್ತಿ ಸುಟ್ಟುಹೋಯಿತು. ಎರಡನೆಯದೂ ಹೋಯಿತು. ಮೂರನೆಯದರಲ್ಲಿ ನಾನು ಎಡಕ್ಕೆ ಅಂದದ್ದು ಅವಳಿಗೆ ಬಲವಾಗಿ, ಆಂಬುಲೆನ್ಸು ಸೇತುವೆಯಾಚೆ ಸುತ್ತುತ್ತಲೇ ಇತ್ತು.

ಮಂಗಳವಾರವೂ ಅದೇ ಹಾಡು. ಬುಧವಾರ ನಂಜಮ್ಮ ಬಂದರು.

ನಂಜಮ್ಮ ಪಕ್ಕದ ಮನೆಯವರು. ಮೂಡಲಪಾಳ್ಯದ ಹಳೇ ಒಕ್ಕಲು ಮನೆತನ. ನಮ್ಮ ಕ್ರಾಸು, ಅದರಾಚೆಯ ಕ್ರಾಸು, ಕೊನೆಗೆ ನಾನು ಕೂತು ಬರೆಯುತ್ತಿರುವ ಈ ಜಾಗ ಕೂಡ ಒಂದು ಕಾಲಕ್ಕೆ ಅವರ ಮಾವನವರ ಹೊಲ. ಕರಿಬೇವು ಕೇಳಲು ಬಂದವರು ಗೋಡೆ ನೋಡುತ್ತಾ ಕೂತ ಹುಡುಗಿಯನ್ನೂ, "ಅಯ್ಯೋ ಸತ್ತೆ" ಅಂತ ಕಿರುಚುತ್ತಿದ್ದ ನನ್ನನ್ನೂ ಕಂಡು ಬಾಗಿಲಲ್ಲೇ ನಿಂತರು.

"ಏನವ್ವಾ ಇದು? ಮೇಷ್ಟ್ರಿಗೆ ಏನಾಗದೆ?"

ಹೆಂಡತಿ ವಿವರಿಸಿದಳು. ನಂಜಮ್ಮನವರಿಗೆ ಎಲ್ಲ ಅರ್ಥವಾಗಲಿಲ್ಲ; ಈ ಹುಡುಗಿಗೆ ಶನಿವಾರ ಪರೀಕ್ಷೆ, ಫೇಲಾದರೆ ಕೆಲಸ ಇಲ್ಲ, ಅಷ್ಟು ಅರ್ಥವಾಯಿತು. ಕರಿಬೇವು ಮರೆತು ನನ್ನನ್ನು ಕುರ್ಚಿಯಿಂದ ಎಬ್ಬಿಸಿದರು. "ನೀನು ಏಳಪ್ಪ, ನಾನ್ ಮಾಡ್ತೀನಿ ಪೋನು."

ದೀಪ ಮಿನುಗಿತು. ಟ್ರಿಣ್ ಟ್ರಿಣ್.

"ಹಲೋ, ಹೇಳ್ರಿ, ಏನಾಗೈತ್ರಿ?"

"ಏನೂಂತ ಹೇಳ್ಲವ್ವಾ. ಬೆಳಗ್ಗೆಯಿಂದ್ಲೇ ಅವನ್ಗೆ ಸರಿ ಇರ್ನಿಲ್ಲ. ನಾನು ಬಡ್ಕೊಂಡೆ, ಬಿಸ್ಲಲ್ಲಿ ಹೋಗ್ಬ್ಯಾಡ ಅಂತ. ಅವರಪ್ಪನೂ ಹಿಂಗೇಯ. ಕೇಳ್ತಾನೇ ಇರ್ನಿಲ್ಲ..."

ಪರದೆಯ ಮೇಲೆ ಬಿದ್ದಿದ್ದವನು ಚಳಿ ದೇಶದ ಯಾವನೋ ಸೈಕಲ್ ಸವಾರ. ಅವನಿಗೆ ನಂಜಮ್ಮ ಎರಡು ನಿಮಿಷದಲ್ಲಿ ಅಪ್ಪ, ಹಟ, ಹಳೇ ಕಾಯಿಲೆ ಎಲ್ಲ ಕೊಟ್ಟಿದ್ದರು. ನಾನೂ ಹೆಂಡತಿಯೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಶಿವಲೀಲಾ ನಗಲಿಲ್ಲ.

"ಅಮ್ಮಾರ, ಜಾಗ ಎಲ್ಲಿ ಬರ್ತೈತ್ರಿ?"

"ಇಲ್ಲೇ ಕಣವ್ವ, ನಮ್ ಹುರುಳಿ ಹೊಲದ್ ತಾವ."

"ಹುರುಳಿ ಹೊಲ ಎಲ್ಲೈತ್ರಿ?"

"ಹುಣಸೇ ಮರದಿಂದ ಈಚೆಗೆ."

ಹುರುಳಿ ಹೊಲ ಈಗ ಮೂರಂತಸ್ತಿನ ಕಟ್ಟಡ. ಹುಣಸೇ ಮರವನ್ನು ಕಡಿದದ್ದು ನಾವು ಇಲ್ಲಿಗೆ ಬರುವುದಕ್ಕೂ ಮೊದಲು. ನಂಜಮ್ಮ ಮಾತ್ರ ಇವತ್ತಿಗೂ ತರಕಾರಿ ತರಲು ಹೋಗುವುದು ಕಲ್ಲುಬಾವಿ ದಾಟಿ, ಬಸ್ಸು ಹತ್ತುವುದು ರಾಗಿ ಕಣದ ಹತ್ತಿರ. ಮೇನು, ಕ್ರಾಸು ಅನ್ನುವುದೆಲ್ಲ ನಮ್ಮಂಥ ಸೈಟು ಕೊಂಡವರ ಭಾಷೆ.

ಇಂಥವರು ಫೋನ್ ಮಾಡಿದರೆ ಗಾಡಿ ಎಲ್ಲಿಗೆ ಕಳಿಸಬೇಕು? ನಾನಾಗಿದ್ದರೆ "ಸರಿಯಾಗಿ ಅಡ್ರೆಸ್ ಹೇಳಮ್ಮಾ" ಅಂತ ರೇಗುತ್ತಿದ್ದೆ. ಸರಕಾರಿ ಕಚೇರಿಗಳಲ್ಲಿ ನಮಗೆ ಅಭ್ಯಾಸವಾಗಿರುವುದೂ ಅದೇ. ಶಿವಲೀಲಾ ಪೆನ್ಸಿಲ್ ಕಚ್ಚಿದಳು. ಆಮೇಲೆ ಕೇಳಿದಳು.

"ಅಮ್ಮಾರ, ಈಗ ನೀವು ನಿಂತಲ್ಲಿಂದ ಕಣ್ಣಿಗೆ ಏನೇನ್ ಕಾಣಸ್ತೈತ್ರಿ? ಕಾಣೂದಷ್ಟ ಹೇಳ್ರಿ."

"ಕಾಣೋದಾ? ಒಂದು ಕೆಂಪು ಬಸ್ಸು ನಿಂತದೆ. ಮುಂದ್ಗಡೆ ಗಾಜು ಒಡೆದದೆ. ಅದರ ಹಿಂದೆ ಎತ್ತರಕ್ಕೆ ಗಡಿಯಾರದ ಗೋಪುರ. ಈ ಪಕ್ಕ ಹೊಳೆ. ಹೊಳೆ ಮ್ಯಾಲೆ ಎರಡು ಬಾತುಕೋಳಿ."

ಬಾತುಕೋಳಿ! ಎರಡು ತಿಂಗಳಿಂದ ಆಡುತ್ತಿದ್ದ ನಾನು ಆ ಬಾತುಕೋಳಿಗಳನ್ನು ನೋಡಿರಲೇ ಇಲ್ಲ. ಹೊಲದಲ್ಲಿ ಹಕ್ಕಿ ಕಾದ ಕಣ್ಣು ಅದು, ಹೆಸರು ಹೇಳುವುದಕ್ಕೆ ಬರದಿದ್ದರೇನು? "ಗೋಪುರದ ಈ ಕಡೆ, ಹೊಳಿ ದಂಡಿ ಮ್ಯಾಲ. ಕಳಸ್ರಿ ಸರ!" ಅಂತ ಶಿವಲೀಲಾ ಗೋಡೆಗೆ ಹೇಳಿದಳು. ನಾನು ಬಗ್ಗಿ ಮೌಸ್ ಒತ್ತಿದೆ. ಆಂಬುಲೆನ್ಸು ನೇರ ಹೋಗಿ ಸೈಕಲ್ ಸವಾರನ ಪಕ್ಕದಲ್ಲೇ ನಿಂತಿತು. ನಂಜಮ್ಮ ಕೈ ಮುಗಿದರು. ಕಂಪ್ಯೂಟರಿಗೆ.

ಅವತ್ತಿನಿಂದ ಶಿವಲೀಲಾ "ವಿಳಾಸ" ಅನ್ನುವ ಮಾತನ್ನೇ ಬಿಟ್ಟಳು.

ಮುಂದಿನ ಎರಡು ದಿನ ನಮ್ಮ ಹಾಲ್ ನೋಡಬೇಕಿತ್ತು ನೀವು. ಹೆಂಡತಿ ಗಾಬರಿಯಲ್ಲಿ ಬರೀ ಅಳುವವಳಾದಳು. ನಾನು ಕೋಪಿಷ್ಠನಾದೆ, "ನಿನ್ ಮೇಲೆ ಕಂಪ್ಲೇಂಟ್ ಕೊಡ್ತೀನಿ" ಅಂತ ಕೂಗಿದೆ. (ಇದಕ್ಕೆ ನಟನೆ ಬೇಕಾಗಲಿಲ್ಲ ಅಂತ ಹೆಂಡತಿಯ ಅಭಿಪ್ರಾಯ.) ನಂಜಮ್ಮ ಅರ್ಧ ಮಾತಿಗೆ ಫೋನ್ ಇಟ್ಟುಬಿಡುವವರಾದರು. ಶಿವಲೀಲಾ ಒಬ್ಬೊಬ್ಬರಿಗೂ ಒಂದೊಂದು ದಾರಿ ಕಂಡುಕೊಂಡಳು. ಗಾಬರಿಯಾಗಬೇಡಿ ಅಂತ ಒಮ್ಮೆಯೂ ಅನ್ನಲಿಲ್ಲ. ಹಾಗಂದರೆ ಜನ ಇನ್ನೂ ಗಾಬರಿಯಾಗುತ್ತಾರಂತೆ. ಬದಲಿಗೆ ಹೆಸರು ಕೇಳುತ್ತಿದ್ದಳು. ಆಮೇಲೆ ಪ್ರತಿ ಮಾತಿಗೂ ಆ ಹೆಸರು. "ನಂಜಮ್ಮಾರ, ನಾ ಇಲ್ಲೇ ಅದೀನ್ರಿ. ಫೋನ್ ಇಡಬ್ಯಾಡ್ರಿ ನಂಜಮ್ಮಾರ." ಆ ದನಿಯಲ್ಲಿ ಏನೋ ಇತ್ತು. ಸುಳ್ಳು ಬೆಂಕಿ ಅಂತ ಗೊತ್ತಿದ್ದರೂ ನನ್ನ ಎದೆಬಡಿತ ನಿಧಾನವಾಗುತ್ತಿತ್ತು. ನಲವತ್ತಾರು ವರ್ಷದಲ್ಲಿ ನನಗೆ ಯಾವ ಡಾಕ್ಟರೂ ಹಾಗೆ ಧೈರ್ಯ ಹೇಳಿಲ್ಲ.

ಶುಕ್ರವಾರ ಬೆಳಿಗ್ಗೆ ಇನ್ನೊಂದು ಸೋಜಿಗ. ಹಾಲು ತರಲು ಹೋದಾಗ ನೋಡುತ್ತೇನೆ, ನಂಜಮ್ಮ ಮುಂದೆ, ಶಿವಲೀಲಾ ಹಿಂದೆ, ಕೈಯಲ್ಲಿ ಅದೇ ನೋಟ್ ಪುಸ್ತಕ. "ಇದು ಕಲ್ಲುಬಾವಿ," ಅಂತ ನಂಜಮ್ಮ ಒಂದು ಜೆರಾಕ್ಸ್ ಅಂಗಡಿಯನ್ನು ತೋರಿಸುತ್ತಿದ್ದರು. ಶಿವಲೀಲಾ ಬರೆದುಕೊಳ್ಳುತ್ತಿದ್ದಳು. ಮೂಡಲಪಾಳ್ಯದ ಆ ತುದಿಯಿಂದ ಈ ತುದಿಗೆ ಇಬ್ಬರೂ ನಡೆದುಬಂದಿದ್ದರು. ಪುಸ್ತಕ ಇಸಕೊಂಡು ನೋಡಿದೆ. ಎಡಗಡೆ ನಂಜಮ್ಮನ ಊರು, ಬಲಗಡೆ ನಮ್ಮ ಊರು. ರಾಗಿ ಕಣ, ಬಸ್ ಸ್ಟಾಪು. ಮಾವಿನ ತೋಪು, ಕಲ್ಯಾಣ ಮಂಟಪ. ಹುರುಳಿ ಹೊಲ, ಇಂಥ ಮೇನಿನ ಕೊನೆ.

"ಇದೆಲ್ಲ ಪರೀಕ್ಷೆಗೆ ಬರುತ್ತೇನಮ್ಮಾ?" ಅಂದೆ.

"ಪರೀಕ್ಷಾಕ್ಕ ಬರೂದಿಲ್ರಿ ಸರ. ಅಮ್ಮಾರಂಥವ್ರು ಫೋನ್ ಮಾಡಿದ್ರ ಬೇಕಾಗ್ತೈತಿ."

ನಾನು ಇಪ್ಪತ್ತು ವರ್ಷದಿಂದ ಇಲ್ಲಿದ್ದೇನೆ. ನನ್ನ ಮನೆ ಕೆಳಗೆ ಏನು ಬೆಳೆಯುತ್ತಿದ್ದರು ಅಂತ ಕೇಳಬೇಕು ಅಂತಲೇ ಅನ್ನಿಸಿರಲಿಲ್ಲ. ಬಂದು ವರ್ಷವಾದ ಹುಡುಗಿ ಕೇಳಿ ಬರೆದುಕೊಂಡಿದ್ದಳು. (ಅವರೆಕಾಯಿ ಬೆಳೆಯುತ್ತಿದ್ದರಂತೆ.)

ಶನಿವಾರ.

ಅವಳು ಬೆಳಿಗ್ಗೆ ಎಂಟಕ್ಕೆ ಹೋದಳು. ನಾನು ಉತ್ತರ ಪತ್ರಿಕೆ ಹರಡಿಕೊಂಡು ಕೂತೆ. ಒಂದನ್ನೂ ತಿದ್ದಲಿಲ್ಲ. ಆಟಕ್ಕೂ ಮನಸ್ಸು ಬರಲಿಲ್ಲ. ನಂಜಮ್ಮ ಎರಡು ಸಲ ಬಂದು ಕಾಂಪೌಂಡಿನ ಮೇಲಿಂದ "ಬಂತಾ ಮಗ?" ಅಂತ ಕೇಳಿ ಹೋದರು. ನನ್ನ ಸ್ವಂತ ಪರೀಕ್ಷೆಗಳಿಗೂ ನಾನು ಇಷ್ಟು ಒದ್ದಾಡಿದವನಲ್ಲ. ಮೂರು ಗಂಟೆಯಾಯಿತು. ನಾಲ್ಕಾಯಿತು. ನಾಲ್ಕೂವರೆಗೆ ಗೇಟು ಸದ್ದಾಯಿತು.

ಮುಖ ನೋಡಿದರೆ ಏನೂ ಗೊತ್ತಾಗುವ ಹಾಗಿರಲಿಲ್ಲ. ಸೀದಾ ಬಂದು ಸೋಫಾದ ತುದಿಯಲ್ಲಿ ಕೂತಳು. ಹಿಂದೆಯೇ ನಂಜಮ್ಮನವರೂ ಬಂದರು; ನಾವು ಮೂವರೂ ಸುತ್ತ ನಿಂತೆವು.

"ಹೇಳೇ ಮಾರಾಯ್ತಿ!" ಅಂದಳು ಹೆಂಡತಿ.

ಈ ಸಲ ಟ್ರೇನರ್ ಇನ್ನೂ ಕಿಲಾಡಿತನ ಮಾಡಿದ್ದನಂತೆ. ಊರಿಗೆ ಹೊಸಬನಾಗಿ ಫೋನ್ ಮಾಡಿದ. ಜೊತೆಗಿದ್ದವನು ರಸ್ತೆಯಲ್ಲಿ ಬಿದ್ದಿದ್ದಾನೆ, ಇದು ಯಾವ ಜಾಗ ಗೊತ್ತಿಲ್ಲ ಅಂದ. ಏನು ಕಾಣುತ್ತದೆ ಅಂತ ಇವಳು ಕೇಳಿದಳು. ಲಾರಿಗಳು ಅಂದ. ಇನ್ನೇನು? ಅಂಗಡಿಗಳು. ಬೋರ್ಡು ಓದಿ ಅಂದಳು. ನನಗೆ ಓದೋಕೆ ಬರಲ್ಲ ಅಂದ!

"ಆವಾಗ ನೋಡ್ರಿ ಸರ, ಮುಗೀತು, ಇನ್ನ ಊರಿಗೆ ಹೋಗೂದ ಅಂದ್ಕೊಂಡೆ."

"ಆಮೇಲೆ?"

"ಆಮ್ಯಾಲ ಕೇಳಿದ್ನ್ರಿ, 'ಅಣ್ಣಾರ, ಅಂಗಡಿ ಅಂದ್ರಿ. ಅಂಗಡಿ ಅಂದಮ್ಯಾಲ ಅಂಗಡಿಯಾಂವ ಇರಬೇಕಲ್ರಿ? ಅವಗ ಫೋನ್ ಕೊಡ್ರಿ' ಅಂತ."

ಟ್ರೇನರ್ ಅಂಗಡಿಯವನನ್ನು ತಯಾರು ಮಾಡಿಕೊಂಡೇ ಇರಲಿಲ್ಲ! ಅಲ್ಲಿಯತನಕ ಯಾರೂ ಅಂಗಡಿಯವನನ್ನು ಫೋನಿಗೆ ಕರೆದಿರಲಿಲ್ಲವಂತೆ. ಪಕ್ಕದ ರೂಮಿನಿಂದ ಒಂದು ಕೆಮ್ಮು ಕೇಳಿಸಿತು. ಆಮೇಲೆ ಬೇರೆ ದನಿ ಮಾಡಿಕೊಂಡು, "ಹಲೋ, ಅಂಗಡಿಯೋನು ಮಾತಾಡ್ತಿರೋದು, ಇದು ಹೆಗ್ಗನಹಳ್ಳಿ ಮೇನ್ ರೋಡು" ಅಂದ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಈಚೆ ಬಂದು ಆತ ಅಂದದ್ದು ಎರಡೇ ಮಾತು. "ಪೇಷಂಟ್ ಬದುಕಿದ. ಸೋಮವಾರದಿಂದ ಡ್ಯೂಟಿ."

ನನ್ನ ಹೆಂಡತಿ ಅವಳನ್ನು ತಬ್ಬಿಕೊಂಡಳು. ನಂಜಮ್ಮ ನೆಟಿಗೆ ಮುರಿದು ದೃಷ್ಟಿ ತೆಗೆದರು. ನಾನು ಕನ್ನಡಕ ಒರೆಸುವ ನೆಪದಲ್ಲಿ ಕಣ್ಣು ಒರೆಸಿಕೊಂಡೆ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಅಷ್ಟು ಸಂತೋಷವಾಗಿತ್ತು.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದೊಂದು ಸೊಗಸಾದ ಸುಖಾಂತವಾಗುತ್ತಿತ್ತು. ಆದರೆ ಮೊನ್ನೆ ಭಾನುವಾರ ಒಂದು ಮಾತು ನಡೆಯಿತು.

ಅವಳು ಕುರ್ಚಿ ಹತ್ತಿ ಮೂರು ವಾರವಾಗಿದೆ. ಈಗ ಬೆಳಗಿನ ಶಿಫ್ಟು. ನಾನು ಅದೇ ಆಟ ಆಡುತ್ತಿದ್ದೆ. ಬಟ್ಟಲು ವಾಪಸು ಕೊಡಲು ಬಂದವಳು ಹಿಂದೆ ನಿಂತು ನೋಡಿದಳು. ಆಟ ಮುಗಿದು ಕೊನೆಯ ಪಟ್ಟಿ ಬಂತು. ಉಳಿದವರು ಹನ್ನೊಂದು, ಸತ್ತವರು ಒಬ್ಬ, ಒಂದು ಪದಕ. ನಾನು ಬೀಗುತ್ತಾ ತಿರುಗಿದೆ.

"ನೀನು ಈ ಮೂರು ವಾರದಲ್ಲಿ ಎಷ್ಟು ಜನರನ್ನ ಉಳಿಸಿದೆ ಹೇಳು ನೋಡೋಣ?"

"ಗೊತ್ತಿಲ್ರಿ ಸರ."

"ಅಂದರೆ, ಸುಮಾರಾಗಿ?"

"ಸುಮಾರಾಗೂ ಗೊತ್ತಿಲ್ರಿ. ನಮಗ ಹೇಳೂದಿಲ್ಲ."

ಆಮೇಲೆ ಹೇಳಿದಳು. ಮೊದಲ ವಾರ ಒಬ್ಬ ಹೆಂಗಸು ಫೋನ್ ಮಾಡಿದ್ದಳಂತೆ. ಗಂಡ ಮಾತಾಡುತ್ತಿಲ್ಲ, ಎಬ್ಬಿಸಿದರೆ ಏಳುತ್ತಿಲ್ಲ. ಯಾವ ಬೀದಿ, ಯಾವ ಮನೆ ಅನ್ನುವುದು ಹೇಗೋ ಸಿಕ್ಕಿತು. ಗಾಡಿ ಹೊರಟಿತು. ಒಬ್ಬಳೇ ಇದ್ದೀನಿ ಅಂತ ಆಕೆ ಅಳುತ್ತಿದ್ದಳು. ಗಾಡಿ ಬರುವ ತನಕ ಇವಳು ಮಾತಾಡಿಸುತ್ತಲೇ ಇದ್ದಳು. ಬಾಗಿಲು ತೆಗೆದಿಡಿ, ಅವರ ಪಕ್ಕ ಕೂತುಕೊಳ್ಳಿ, ಎದೆ ಏರಿಳಿಯುತ್ತಿದೆಯಾ ನೋಡಿ, ಅಂತ.

"ಫೋನಿನಾಗ ಸೈರನ್ ಕೇಳಸ್ತ್ರಿ ಸರ. ಮೊದಲ ಸಣ್ಣಗ, ಆಮ್ಯಾಲ ಜೋರ. ಆಕಿ 'ಬಂತು, ಬಂತು' ಅಂದು ಫೋನ್ ಇಟ್ಲು."

"ಆಮೇಲೆ? ಗಂಡ ಉಳಿದನಾ?"

"ಆಮೇಲೆ ಮುಂದಿನ ಫೋನ್ರಿ."

ಅಷ್ಟೇ. ಆ ಗಂಡ ಉಳಿದನೋ ಇಲ್ಲವೋ ಅವಳಿಗೆ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ. ಅವಳಂತೆ ಸಾಲಾಗಿ ಕೂತ ಯಾರಿಗೂ ಗೊತ್ತಾಗುವುದಿಲ್ಲ. ಆ ಹೆಂಗಸಿಗೂ ಇವಳ ಹೆಸರು ಗೊತ್ತಿಲ್ಲ. ದಿನಕ್ಕೆ ಎಷ್ಟೋ ಕತೆಗಳ ಮೊದಲ ಪುಟ ಮಾತ್ರ ಕೇಳಿ, ಉಳಿದದ್ದನ್ನು ದೇವರಿಗೆ ಬಿಟ್ಟು, ಮಾರನೆಯ ದಿನ ತಲೆ ಬಾಚಿಕೊಂಡು ಆರು ಗಂಟೆಗೆ ಮತ್ತೆ ಬಸ್ಸು ಹತ್ತುತ್ತಾಳೆ ಈ ಹುಡುಗಿ.

"ಬೇಜಾರಾಗಲ್ವೇನಮ್ಮ?" ಅಂದೆ.

"ಆಗ್ತೈತ್ರಿ. ಆದ್ರ ಬೇಜಾರ ಮಾಡ್ಕೊಂಡು ಕುಂತ್ರ ಮುಂದಿನವ್ರು ಕಾಯ್ತಾರಲ್ರಿ," ಅಂದು ಬಟ್ಟಲು ಮೇಜಿನ ಮೇಲಿಟ್ಟು ಮೇಲೆ ಹೋದಳು.

ಎರಡು ವಾರ ನಿಮ್ಮಿಂದ ಒಂದು ಪತ್ರ ಬರದಿದ್ದರೆ, ಯಾರಿಗಾಗಿ ಬರೆಯಬೇಕು ಅಂತ ಮುನಿಸಿಕೊಂಡು ಪೆನ್ನು ಕೆಳಗಿಡುವ ಈ ಅಂಕಣಕಾರ ಆ ಕುರ್ಚಿಯಲ್ಲಿ ಒಂದು ದಿನವಾದರೂ ಕೂತಾನೇ?